ಒಲ್ಲದ ಆಟದ ಆತ್ಮಕಥೆ

ಆಟಗಾರರ ಆತ್ಮಕಥೆಗಳೆಂದರೆ ಸಾಮಾನ್ಯವಾಗಿ ಗೆಲವುಗಳ ಜಮಾಖರ್ಚು. ಇಂಥ ವರ್ಷ ಇಂಥವನನ್ನು ಸೋಲಿಸಿದೆ, ಇಂಥ ಕಪ್ಪು ಬಂತು, ಗುರುಹಿರಿಯರಿಗೆ ವಂದನೆ—ಇಷ್ಟರಲ್ಲಿ ಪುಸ್ತಕ ಮುಗಿಯುತ್ತದೆ. ಅಮೆರಿಕದ ಟೆನಿಸ್ ಆಟಗಾರ ಆಂಡ್ರೆ ಅಗಾಸಿ 2009ರಲ್ಲಿ ಪ್ರಕಟಿಸಿದ ‘ಓಪನ್’ ಆ ಜಾತಿಗೆ ಸೇರಿದ್ದಲ್ಲ. ಎಂಟು ಗ್ರ್ಯಾಂಡ್ ಸ್ಲ್ಯಾಮ್ ಪ್ರಶಸ್ತಿಗಳನ್ನು ಗೆದ್ದ ಈ ಮನುಷ್ಯ ಮೊದಲ ಪುಟಗಳಲ್ಲಿಯೇ ತನಗೆ ಟೆನಿಸ್ ಕಂಡರಾಗದು, ಎಂದೂ ಆಗುತ್ತಿರಲಿಲ್ಲ ಎನ್ನುತ್ತಾನೆ. ಇದು ಬೆಡಗಿನ ಮಾತೋ ನಿಜದ ಮಾತೋ? ಪುಸ್ತಕದ ಬೆಲೆಯೆಲ್ಲ ಈ ಪ್ರಶ್ನೆಯ ಉತ್ತರದ ಮೇಲೆ ನಿಂತಿದೆ.

ಕಥೆ ಕೊನೆಯಿಂದ ಆರಂಭವಾಗುತ್ತದೆ. 2006ರ ನ್ಯೂಯಾರ್ಕ್. 36 ವರ್ಷದ ಅಗಾಸಿ ಹೋಟೆಲು ಕೋಣೆಯ ನೆಲದ ಮೇಲೆ ಎಚ್ಚರಗೊಳ್ಳುತ್ತಾನೆ. ಬೆನ್ನೆಲುಬಿನ ಹುಟ್ಟುದೋಷಕ್ಕೆ ಮೆತ್ತನೆಯ ಹಾಸಿಗೆ ಒಗ್ಗದು. ಅಂದು ರಾತ್ರಿ ಸೈಪ್ರಸ್ಸಿನ ಮಾರ್ಕೋಸ್ ಬಗ್ದಾಟಿಸ್‌ನನ್ನು ಐದು ಸೆಟ್ಟುಗಳಲ್ಲಿ ಸೋಲಿಸುತ್ತಾನೆ. ಆಮೇಲೆ ಗೆದ್ದವನೂ ಸೋತವನೂ ಅಕ್ಕಪಕ್ಕದ ಮೇಜುಗಳ ಮೇಲೆ ನೋವಿನಿಂದ ಮಲಗಿ, ತಮ್ಮದೇ ಆಟದ ತುಣುಕುಗಳನ್ನು ಟೆಲಿವಿಷನ್ನಿನಲ್ಲಿ ನೋಡುತ್ತಿರುವಾಗ ಎಳೆಯವನು ಕೈ ಚಾಚುತ್ತಾನೆ. ಹಿರಿಯವನು ಅದನ್ನು ಹಿಡಿದುಕೊಳ್ಳುತ್ತಾನೆ. ಈ ಒಂದು ಚಿತ್ರಕ್ಕಾಗಿಯೇ ಪುಸ್ತಕವನ್ನು ಕೊಳ್ಳಬಹುದು. ಮುಂದಿನ ಸುತ್ತಿನಲ್ಲಿ ಬೆಂಜಮಿನ್ ಬೆಕರ್ ಎಂಬ ಜರ್ಮನ್ ಆಟಗಾರನ ಎದುರು ಸೋತು, ಎರಡು ದಶಕಗಳ ವೃತ್ತಿ ಮುಗಿಯಿತು.

ದ್ವೇಷದ ಬೇರು ಬಾಲ್ಯದಲ್ಲಿದೆ. ಇರಾನಿನ ಪರವಾಗಿ 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲಿ ಮುಷ್ಟಿಯುದ್ಧಕ್ಕಿಳಿದಿದ್ದ ತಂದೆ ಮೈಕ್, ಲಾಸ್ ವೇಗಸ್ಸಿನ ಮನೆಯ ಹಿತ್ತಲಲ್ಲಿ ಕೋರ್ಟು ಮಾಡಿ, ಚೆಂಡು ಉಗುಳುವ ಯಂತ್ರವೊಂದನ್ನು ನಿಲ್ಲಿಸಿದ. 7 ವರ್ಷದ ಹುಡುಗನಿಗೆ ಅದು ‘ಡ್ರ್ಯಾಗನ್’. ದಿನಕ್ಕೆ 2,500 ಚೆಂಡು, ವರ್ಷಕ್ಕೆ ಸುಮಾರು 10 ಲಕ್ಷ. ಇಷ್ಟು ಹೊಡೆದ ಮಗುವನ್ನು ಯಾರೂ ಸೋಲಿಸಲಾರರೆಂಬುದು ತಂದೆಯ ಲೆಕ್ಕ. ಲೆಕ್ಕ ಹೆಚ್ಚು ತಪ್ಪಲಿಲ್ಲ, ಮಗ ಮಾತ್ರ ತಪ್ಪಿಹೋದ. (ಮಕ್ಕಳನ್ನು ಒಂದು ತರಗತಿಯಿಂದ ಇನ್ನೊಂದಕ್ಕೆ ಓಡಿಸುವ ನಮ್ಮ ತಾಯಿತಂದೆಗಳು ಈ ಅಧ್ಯಾಯವೊಂದನ್ನಾದರೂ ಓದಬೇಕು.)

ಹಾಗಾದರೆ ಆತ ದ್ವೇಷಿಸಿದ್ದು ಆಟವನ್ನೇ? ನನಗೆ ಹಾಗೆ ತೋರದು. 1999ರ ಫ್ರೆಂಚ್ ಓಪನ್ ಅಂತಿಮ ಪಂದ್ಯವನ್ನು ನೋಡಿ. ಆಟ ಬಿಡಲು ಹೊರಟಿದ್ದ ಮೆಡ್ವೆಡೆವ್‌ಗೆ ಕೆಲವೇ ವಾರಗಳ ಹಿಂದೆ ಧೈರ್ಯ ಹೇಳಿದವನು ಅಗಾಸಿಯೇ; ಈಗ ಆತನೇ ಎದುರಾಳಿ, ಮೊದಲ ಎರಡು ಸೆಟ್ಟುಗಳೂ ಆತನ ಪಾಲು. ಅಲ್ಲಿಂದ ಅಗಾಸಿ ಗೆದ್ದು ಬಂದ ಬಗೆಯನ್ನು ವರ್ಣಿಸುವಾಗ ಬರವಣಿಗೆಗೆ ಬರುವ ಉಸಿರು ಒಲವಿನದೇ. ತಾನು ಆರಿಸಿಕೊಳ್ಳದ ಬದುಕಿನ ಮೇಲಿನ ಸಿಟ್ಟನ್ನು ಆತ ಆಟದ ತಲೆಗೆ ಕಟ್ಟಿದ್ದಾನೆ.

ಇನ್ನು ತಪ್ಪೊಪ್ಪಿಗೆಗಳು. 1990ರ ಪ್ಯಾರಿಸ್ ಅಂತಿಮದಲ್ಲಿ ಆತನ ಪ್ರಾರ್ಥನೆ ಗೆಲವಿಗಾಗಿ ಅಲ್ಲ, ಪಿನ್ನು ಚುಚ್ಚಿ ನಿಲ್ಲಿಸಿದ್ದ ಟೋಪನ್ನು ಬೀಳದಿರಲೆಂದು! ನಗು ಬರುತ್ತದೆ, ಮರುಕವೂ. ಆದರೆ 1997ರ ಸಂಗತಿ ಬೇರೆ. ಕ್ರಮಾಂಕ 141ಕ್ಕೆ ಇಳಿದ ಆ ವರ್ಷ ಮಾದಕದ್ರವ್ಯ ಸೇವಿಸಿ ಸಿಕ್ಕಿಬಿದ್ದು, ಗೆಳೆಯನ ಪಾನೀಯವನ್ನು ತಿಳಿಯದೆ ಕುಡಿದೆನೆಂದು ಸುಳ್ಳು ಕಾಗದ ಬರೆದು ಪಾರಾದ. ಅದನ್ನು ಬಿಚ್ಚಿಟ್ಟದ್ದು ನಿವೃತ್ತಿಯಾಗಿ ಮೂರು ವರ್ಷದ ಮೇಲೆ, ಕಳೆದುಕೊಳ್ಳಲು ಹೆಚ್ಚೇನೂ ಇಲ್ಲದಾಗ. ನಿಷೇಧ ಬಿದ್ದಿದ್ದರೆ 1999ರ ಆ ಗೆಲವು ಇರುತ್ತಿತ್ತೆ? ಲೇಖಕ ಈ ಪ್ರಶ್ನೆಯ ಬಳಿ ಸಾಕಷ್ಟು ಹೊತ್ತು ನಿಲ್ಲುವುದಿಲ್ಲ. ಸಾಂಪ್ರಾಸ್ ಒಂದೇ ಡಾಲರು ಬಕ್ಷೀಸು ಕೊಟ್ಟನೆಂಬ ಚಾಡಿಗೆ ಜಾಗ ದೊರೆತಿರುವುದನ್ನು ಕಂಡಾಗ ಈ ಅವಸರ ಇನ್ನಷ್ಟು ಚುಚ್ಚುತ್ತದೆ. ಮೊದಲ ಪತ್ನಿ ಬ್ರೂಕ್ ಶೀಲ್ಡ್ಸ್‌ಳ ಚಿತ್ರವೂ ಒಂದೇ ಕಡೆಯ ಸಾಕ್ಷ್ಯ.

ಬರೆದ ಕೈ ಜೆ. ಆರ್. ಮೋರಿಂಗರ್‌ದು, ಹೊದಿಕೆಯ ಮೇಲೆ ತನ್ನ ಹೆಸರು ಬೇಡವೆಂದದ್ದು ಆತನೇ. ಉದ್ಧರಣ ಚಿಹ್ನೆಗಳಿಲ್ಲದ ಸಂಭಾಷಣೆ, ವರ್ತಮಾನಕಾಲದ ನಿರೂಪಣೆ ಕಾದಂಬರಿಯ ಓಟವನ್ನು ಕೊಟ್ಟಿವೆ. ಕೆಲವೆಡೆ ಓಟ ಅತಿಯಾಗಿ ನಯವಾಯಿತು. ಪ್ರತಿ ಸೋಲಿಗೂ ಒಂದು ಅರ್ಥ ಸಿದ್ಧವಾಗಿದೆ. ಕೊನೆಯ ಪುಟದಲ್ಲಿ ಮಾತ್ರ ಈ ಸಿದ್ಧತೆ ಸಡಿಲುತ್ತದೆ. ನಿವೃತ್ತನಾದ ಅಗಾಸಿ ಲಾಸ್ ವೇಗಸ್ಸಿನಲ್ಲಿ ಪತ್ನಿ ಸ್ಟೆಫಿ ಗ್ರಾಫಳೊಡನೆ ಸುಮ್ಮನೆ ಚೆಂಡು ಹೊಡೆಯುತ್ತಿದ್ದಾನೆ. ಸಾಕು, ಹೋಗೋಣವೆಂಬ ಹೊತ್ತು ಬಂದಾಗ ಇನ್ನೂ ಸ್ವಲ್ಪ ಆಡಬೇಕೆನ್ನುವವನು ಆತನೇ.