ಕೊಟ್ಟಿಗೆಯ ಲ್ಯಾಂಡ್‌ಮಾಸ್ಟರು

ಹಳೆ ಕಾರುಗಳ ಪ್ರದರ್ಶನಕ್ಕೆ ಹೋದವರು ಸಾಮಾನ್ಯವಾಗಿ ಎರಡು ಮಾತು ಆಡುತ್ತಾರೆ. "ಎಷ್ಟು ಚೆನ್ನಾಗಿ ಹೊಳೆಯುತ್ತೆ!" ಎಂಬುದು ಒಂದು. "ಎಷ್ಟು ಖರ್ಚಾಗಿರಬಹುದು?" ಎಂಬುದು ಇನ್ನೊಂದು. ಬೆಂಗಳೂರಿನಲ್ಲಿ ನಡೆದ ಅಂಥದೊಂದು ಪ್ರದರ್ಶನಕ್ಕೆ ತಮ್ಮ ನನ್ನನ್ನು ಕರೆದುಕೊಂಡು ಹೋದಾಗ ಮೊದಲ ಹತ್ತು ನಿಮಿಷ ನಾನೂ ಅದನ್ನೇ ಆಡಿದೆ. ಆಮೇಲೆ ಕಾರುಗಳ ಮುಂದಿಟ್ಟಿದ್ದ ಫಲಕಗಳನ್ನು ಓದತೊಡಗಿದೆ. ತಯಾರಾದ ವರ್ಷ, ದೇಶ, ಎಂಜಿನ್ನಿನ ಶಕ್ತಿ, ಮೊದಲು ಕೊಂಡ ದೊಡ್ಡ ಮನುಷ್ಯರ ಹೆಸರು, ಈಗಿನ ಮಾಲೀಕರ ಹೆಸರು. ನಡುವಿನ ಐವತ್ತು ಅರವತ್ತು ವರ್ಷ ಆ ಕಾರು ಎಲ್ಲಿತ್ತು, ಯಾರು ಓಡಿಸಿದರು, ಯಾರು ರಿಪೇರಿ ಮಾಡಿದರು, ಯಾರ ಹೆರಿಗೆಗೆ ನಡುರಾತ್ರಿ ಹೊರಟಿತು ಎಂಬುದರ ಬಗ್ಗೆ ಒಂದಕ್ಷರವೂ ಇಲ್ಲ. ಹುಟ್ಟಿದ ಮನೆ, ಕೊಟ್ಟ ಮನೆ ಎರಡನ್ನೇ ಹೇಳಿ ಹೆಣ್ಣಿನ ಕಥೆ ಮುಗಿಸಿಬಿಟ್ಟ ಹಾಗೆ.

ಈ ಹವ್ಯಾಸದ ಮೇಲೆ ನನಗೆ ಸಿಟ್ಟಿಲ್ಲ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ, 2023ರಲ್ಲಿ ಶ್ರೀರಂಗಪಟ್ಟಣದ ಬಳಿ ಆರಂಭವಾದ 'ಪಯಣ'ದಲ್ಲಿ ಹಳೆ ಕಾರುಗಳನ್ನು ಸಾಲಾಗಿ ನೋಡುವ ಭಾಗ್ಯ ನಮ್ಮ ಮಕ್ಕಳಿಗೆ ಸಿಕ್ಕಿದೆ. ನನ್ನ ತಕರಾರು ಇರುವುದು ಹವ್ಯಾಸಿಗಳ ಬಾಯಲ್ಲಿ ಮಂತ್ರದಂತೆ ಬರುವ 'ಒರಿಜಿನಲ್' ಎಂಬ ಒಂದು ಮಾತಿನ ಮೇಲೆ. ಆ ಮಾತು ನಮ್ಮ ಮನೆಯೊಳಕ್ಕೂ ಬಂದು, ಅಕ್ಕ ತಮ್ಮನ ನಡುವೆ ಆರು ತಿಂಗಳು ಮುನಿಸು ತಂದಿಟ್ಟಿತು.

ನಮ್ಮ ತವರು ಬಾತಿ. ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಊರು. ಅಪ್ಪ ದಾವಣಗೆರೆಯಲ್ಲಿ ಹತ್ತಿ ದಲ್ಲಾಳಿ. ಅವರು 1962ರಲ್ಲಿ ಎರಡನೇ ಕೈಯಿಂದ ಕೊಂಡ ಕಾರು ಬಹಳ ವರ್ಷ ಕೊಟ್ಟಿಗೆಯಲ್ಲಿ ಹುಲ್ಲಿನ ಪಕ್ಕ ನಿಂತಿತ್ತು. ನಿವೃತ್ತನಾದ ತಮ್ಮ ಅದನ್ನು ಮತ್ತೆ ಓಡಿಸುವ ಹುಚ್ಚು ಹಚ್ಚಿಕೊಂಡ. ಊರಿನವರೆಲ್ಲ ಅದನ್ನು 'ಅಂಬಾಸಡರ್' ಎನ್ನುತ್ತಿದ್ದರು. ಅವನೂ ಹಾಗೇ ತಿಳಿದು ಹಿಂಬದಿಯ ದೀಪಗಳನ್ನು ತರಿಸಿದ. ಅವು ಕೂರಲೇ ಇಲ್ಲ.

ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ಅವ್ವ ಹೇಳಿದಳು: "ಅದು ಅಂಬಾಸಡರ್ ಅಲ್ಲೋ, ಲ್ಯಾಂಡ್ ಮಾಸ್ಟ್ರು. ನಿಮ್ಮಪ್ಪ ನೂರು ಸಲ ಹೇಳ್ಯಾರ."

ಅವ್ವ ಹೇಳಿದ್ದೇ ನಿಜ. ಹಿಂದೂಸ್ತಾನ್ ಮೋಟಾರ್ಸ್‌ನವರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಎರಡನೇ ಮಾದರಿಯನ್ನು 1954ರಿಂದ 'ಲ್ಯಾಂಡ್‌ಮಾಸ್ಟರ್' ಎಂಬ ಹೆಸರಿನಲ್ಲಿ ತಯಾರಿಸಿದರು. ಮೂರನೇ ಮಾದರಿಯೇ ಕೆಲವು ವರ್ಷಗಳ ಮೇಲೆ ಬಂದ ಅಂಬಾಸಡರ್. ಅದು 2014ರವರೆಗೂ ತಯಾರಾಗುತ್ತಿತ್ತು. ಎರಡೂ ಅಕ್ಕ ತಂಗಿಯರ ಹಾಗೆ ಕಾಣುತ್ತವೆ. ಆದರೆ ಅಂಬಾಸಡರಿನ ಬೆನ್ನ ಕಡೆ ಎರಡೂ ಬದಿಗೆ ಸಣ್ಣ ರೆಕ್ಕೆಯಂತೆ ತಗಡು ಮೇಲೆದ್ದಿರುತ್ತದೆ. ಲ್ಯಾಂಡ್‌ಮಾಸ್ಟರಿನದು ದುಂಡು ಬೆನ್ನು. ಕಾರನ್ನು ಗುರುತಿಸುವವರು ಚಾಸಿ ನಂಬರು, ಎಂಜಿನ್ ನಂಬರು, ಆರ್.ಸಿ. ಪುಸ್ತಕ ಮೂರನ್ನೂ ತಾಳೆ ನೋಡಬೇಕು ಎಂದು ತಮ್ಮ ಆಮೇಲೆ ಕಲಿತ. ನಾನು ಕಲಿತದ್ದು ಇನ್ನೊಂದು: ಆ ಮನೆಯ ಹಿರಿ ಹೆಂಗಸನ್ನೂ ಒಂದು ಮಾತು ಕೇಳಬೇಕು.

ಹೀಗೆ ಕೆಲಸ ಸಾಗಿತು. ಅಂಗಡಿಯಲ್ಲಿ ಸಿಗದ ಬುಷ್‌ಗಳನ್ನು ಹರಿಹರದ ಒಬ್ಬ ಹಿರಿಯರು ಲೇತ್‌ನಲ್ಲಿ ಕಡೆದುಕೊಟ್ಟರು. 1941ರಲ್ಲಿ ಹರಿಹರದಲ್ಲಿ ಶುರುವಾಗಿ ದೇಶಕ್ಕೆಲ್ಲ ಲೇತ್ ಯಂತ್ರ ಮಾಡಿಕೊಟ್ಟ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದುಡಿದ ಕೈ ಅವರದು. ಕಾರ್ಖಾನೆ ಈಗಿಲ್ಲ; ಕೈಯಲ್ಲಿ ಕಸುಬು ಉಳಿದಿದೆ. ಸವೆದ ಬುಷ್ಷನ್ನು ಬೆರಳಲ್ಲಿ ತಿರುಗಿಸಿ ನೋಡಿ, "ಇದು ಒಂದೇ ಕಡೆ ತಿಂದೈತಿ, ಗಾಡಿ ಭಾಳ ಭಾರ ಹೊತ್ತೈತಿ" ಎಂದರು. ಯಾವ ಫಲಕವೂ ಹೇಳದ ಚರಿತ್ರೆಯನ್ನು ಅವರು ಒಂದು ಸವಕಲಿನಲ್ಲಿ ಓದಿದ್ದರು.

ಭಾರ ಹೊತ್ತದ್ದು ನಿಜವೇ. ಅಪ್ಪ 1981ರಲ್ಲಿ ತೀರಿಕೊಂಡಾಗ ನಾವು ಮೂರು ಮಕ್ಕಳು ಓದುತ್ತಿದ್ದೆವು. ಕಾರು ಮಾರಿಬಿಡು ಎಂದು ನೆಂಟರೆಲ್ಲ ಹೇಳಿದರು. ಅವ್ವ ಕೊರಳಿನ ಸರ ಮಾರಿ, ಕಾರಿಗೆ ಡೀಸೆಲ್ ಎಂಜಿನ್ ಹಾಕಿಸಿ, ಒಬ್ಬ ಡ್ರೈವರನ್ನಿಟ್ಟು ಬಾಡಿಗೆಗೆ ಬಿಟ್ಟಳು. ಪೆಟ್ರೋಲಿನ ಖರ್ಚಿನಲ್ಲಿ ಬಾಡಿಗೆ ಗಿಟ್ಟುತ್ತಿರಲಿಲ್ಲ. ಮದುವೆ ದಿಬ್ಬಣ, ಆಸ್ಪತ್ರೆ, ಹರಿಹರೇಶ್ವರನ ದರ್ಶನ ಎಂದು ಹದಿನಾಲ್ಕು ವರ್ಷ ಅದು ದುಡಿಯಿತು. ನಮ್ಮ ಫೀಸು, ನನ್ನ ಮದುವೆ, ಎಲ್ಲ ಆ ಹೊಗೆಯಲ್ಲೇ ಬಂದವು.

ಈಗ ತಮ್ಮನ ವಾದ: ಡೀಸೆಲ್ ಎಂಜಿನ್ ತೆಗೆಯಬೇಕು, ಕಾರು 'ಒರಿಜಿನಲ್' ಆಗಬೇಕು. ಅದಕ್ಕೆ ಕಾನೂನಿನ ಬೆಂಬಲವೂ ಇತ್ತು. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಿ 'ವಿಎ' ಅಕ್ಷರಗಳಿರುವ ಬೇರೆ ನಂಬರು ಪಡೆಯಬಹುದು. ಆದರೆ ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಈ ಷರತ್ತು ತಪ್ಪೆಂದು ನಾನು ಹೇಳಲಾರೆ. ಅದಿಲ್ಲದಿದ್ದರೆ ಹಳೆ ನಂಬರಿನ ತಗಡಿಗೆ ಹೊಸ ಗಾಡಿ ಅಂಟಿಸಿ ಪುರಾತನ ಎಂದು ಮಾರುವವರಿಗೆ ಹಬ್ಬವಾಗುತ್ತಿತ್ತು.

ಆದರೆ ತಮ್ಮ ತಂದದ್ದೇನು? ಗುಜರಿಯಿಂದ ಆರಿಸಿದ, ಬೇರೆ ಯಾವುದೋ ಕಾರಿನ ಪೆಟ್ರೋಲ್ ಎಂಜಿನ್. ಅಪ್ಪನ ಕಾರಿನ ಮೊದಲ ಎಂಜಿನ್ ಎಂದೋ ಕರಗಿಹೋಗಿದೆ. ಬಾತಿಯ ದಾರಿಯನ್ನೇ ಕಾಣದ ಈ ಎಂಜಿನ್ 'ಮೂಲ'ವಂತೆ, ಹದಿನಾಲ್ಕು ವರ್ಷ ನಮ್ಮನ್ನು ಸಾಕಿದ್ದು 'ಕಲಬೆರಕೆ'ಯಂತೆ! ಇದು ಉಳಿಸುವುದಲ್ಲ, ಅಲಂಕಾರ. ತಾಮ್ರದ ಹಂಡೆಗೆ ಕಲಾಯಿ ಹಾಕಿಸುವುದು ಬೇರೆ, ಅಜ್ಜಿಯ ಹಂಡೆ ಮಾರಿ ಅಂಥದೇ ಹೊಸದೊಂದು ತಂದಿಟ್ಟು ಅಜ್ಜಿಯದೇ ಎನ್ನುವುದು ಬೇರೆ.

ಕಾರಿನ ಚರಿತ್ರೆಯ ಮೊದಲ ಪುಟವನ್ನೇ ನೋಡಿ. ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ತನ್ನ ಮೋಟಾರು ಗಾಡಿಗೆ ಪೇಟೆಂಟ್ ಪಡೆದ, ಕೊಳ್ಳುವವರಿಲ್ಲ. 1888ರಲ್ಲಿ ಅವನ ಹೆಂಡತಿ ಬರ್ತಾ ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಆ ಗಾಡಿಯಲ್ಲೇ ನೂರು ಕಿಲೋಮೀಟರು ದೂರದ ತವರಿಗೆ ಹೊರಟಳು. ಇಂಧನದ ಕೊಳವೆ ಕಟ್ಟಿದಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಬ್ರೇಕು ಸವೆದಾಗ ದಾರಿಯಲ್ಲಿ ಚಮ್ಮಾರನಿಂದ ಚರ್ಮ ಹೊಡೆಸಿದಳು. ಏರಿನಲ್ಲಿ ಗಾಡಿ ತಳ್ಳಬೇಕಾದ ಕಷ್ಟ ತಿಳಿದ ಮೇಲೆ ಬೆಂಜ್ ಇನ್ನೊಂದು ಗೇರು ಸೇರಿಸಿದ. 'ಒರಿಜಿನಲ್' ಹಟ ಹಿಡಿದವರು ಆ ಚರ್ಮವನ್ನೂ ಕಿತ್ತು ಬಿಸಾಡುತ್ತಿದ್ದರೇನೋ. ಬಳಸಿದವರ ಕೈ ಮಾಡಿದ ರಿಪೇರಿ ಗಾಡಿಗೆ ಕಳಂಕವಲ್ಲ, ಅದರ ಆಯುಷ್ಯ.

ಇಷ್ಟನ್ನೂ ಹೇಳಿದಾಗ ತಮ್ಮ, "ಹಂಗಾದ್ರೆ ತುಕ್ಕನ್ನೂ ಇಟ್ಕೊಳ್ಳಾಣೇನಕ್ಕಾ?" ಎಂದ. ನ್ಯಾಯವಾದ ಪ್ರಶ್ನೆ. ತುಕ್ಕು ಗಾಡಿಯನ್ನು ತಿನ್ನುತ್ತದೆ, ತೆಗೆಯಲೇಬೇಕು. ಬ್ರೇಕು, ವೈರು ಭದ್ರವಾಗಿರಲೇಬೇಕು. ಆದರೆ ತೆಗೆಯುವ ಮೊದಲು ಫೋಟೋ ತೆಗೆ, ತೆಗೆದದ್ದನ್ನು ಎಸೆಯದೆ ಇಡು, ಏನು ಬದಲಿಸಿದೆ ಎಂದು ಪುಸ್ತಕದಲ್ಲಿ ಬರೆ. ಬಣ್ಣ ಕೆರೆದಾಗ ಟಾಪಿನ ಅಂಚಿನಲ್ಲಿ ಬಾಡಿಗೆ ಕಾಲದ ಹಳದಿ ಗೆರೆ ಕಾಣಿಸಿತು. ಅಂಗೈಯಗಲ ಜಾಗವನ್ನು ಹಾಗೇ ಬಿಡಿಸಿದೆ.

ಕೊನೆಗೆ ಡೀಸೆಲ್ ಎಂಜಿನ್ನೇ ಉಳಿಯಿತು. 'ವಿಎ' ನಂಬರಿನ ಆಸೆಯನ್ನು ತಮ್ಮ ಬಿಟ್ಟ. ಅದು ಅವನಿಗೆ ಸುಲಭವಾಗಿರಲಿಲ್ಲ ಎಂದು ನನಗೆ ಗೊತ್ತು. ಗುಜರಿಯ ಎಂಜಿನ್ ಗೋಣಿಚೀಲ ಹೊದ್ದು ಮೂಲೆಯಲ್ಲಿದೆ. ಆಯುಧಪೂಜೆಯ ದಿನ ಕಾರನ್ನು ಅಂಗಳಕ್ಕೆ ತಂದು, ಪ್ರದರ್ಶನದವರ ಹಾಗೆ ನಾವೂ ಒಂದು ಫಲಕ ಇಟ್ಟೆವು. '1982ರಲ್ಲಿ ಡೀಸೆಲ್ ಎಂಜಿನ್ ಅಳವಡಿಸಲಾಯಿತು' ಎಂದು ನಾನೇ ದುಂಡಗೆ ಬರೆದಿದ್ದೆ.

ಅವ್ವ ಕನ್ನಡಕ ಏರಿಸಿ ಓದಿದಳು. "ಅಳವಡಿಸಲಾಯಿತು ಅಂದ್ರೇನವ್ವಾ? ತಾನಾಗೇ ಬಂದು ಕೂತಿತೇನು ಅದು? ಯಾರು ಹಾಕ್ಸಿದ್ರು ಅಂತ ಬರಿ."

ಪ್ರದರ್ಶನದ ಫಲಕಗಳನ್ನು ಅಷ್ಟು ಹಳಿದ ನಾನೇ ಆ ತಪ್ಪು ಮಾಡಿದ್ದೆ. ಫಲಕ ಒಳಗೆ ಒಯ್ದು ಮತ್ತೆ ಬರೆದೆ.