ಯಾರೂ ತಿದ್ದದೆ ಬಿಟ್ಟ ಸ್ವಿಂಗ್

ಗಾಲ್ಫ್ ಆಟಗಾರ ಜಿಮ್ ಫ್ಯೂರಿಕ್ ಅವರ ಸ್ವಿಂಗ್ ಅನ್ನು ವಿಡಿಯೊದ ವೇಗ ತಗ್ಗಿಸಿಯೇ ನೋಡಬೇಕು. ಚೆಂಡಿಗೆ ತೀರಾ ಹತ್ತಿರ ನಿಲ್ಲುತ್ತಾರೆ. ಕೈಗಳು ತೊಡೆಗೆ ತಾಗಿಯೇ ಬಿಟ್ಟಾವು ಅನ್ನಿಸುವಷ್ಟು ಹತ್ತಿರ. ಹಿಂದಕ್ಕೆಳೆದ ಕ್ಲಬ್ ಮೊದಲು ಮೈಯಿಂದ ಆಚೆ ಸರಿಯುತ್ತದೆ, ಆಮೇಲೆ ಗೋಡೆ ಹತ್ತಿದ ಹಾಗೆ ನೆಟ್ಟಗೆ ಮೇಲೇರುತ್ತದೆ. ಇಳಿಯುವಾಗ ಬಂದ ದಾರಿ ಬಿಟ್ಟು, ಬೆನ್ನ ಹಿಂದೆ ಒಂದು ದೊಡ್ಡ ಸುತ್ತು ಹಾಕಿ ಕೆಳಗೆ ಬರುತ್ತದೆ. ವೀಕ್ಷಕ ವಿವರಣೆಗಾರ ಡೇವಿಡ್ ಫೆಹರ್ಟಿ ಇದನ್ನು ಮರದಿಂದ ಬೀಳುವ ಆಕ್ಟೋಪಸ್‌ಗೆ ಹೋಲಿಸಿದ್ದರು. ಫ್ಯೂರಿಕ್ ಹೆಸರು ಬಂದಲ್ಲೆಲ್ಲ ಆ ಮಾತೂ ಬರುತ್ತದೆ, ಜನ ನಗುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ.

ನನಗೆ ಮಾತು ಶುರುವಾಗುವುದೇ ಅಲ್ಲಿಂದ. ಕ್ಲಬ್ ಸೊಂಟದ ಮಟ್ಟಕ್ಕೆ ಇಳಿದಾಗ ವಿಡಿಯೊ ನಿಲ್ಲಿಸಿ ನೋಡಿ. ಎಡ ಸೊಂಟ ಆಗಲೇ ಗುರಿಯ ಕಡೆ ತಿರುಗಿ ದಾರಿ ಬಿಟ್ಟಿದೆ, ಕೈಗಳು ಮೈಗೆ ಅಂಟಿಕೊಂಡೇ ಬರುತ್ತಿವೆ, ಕ್ಲಬ್ಬಿನ ಮುಖದಲ್ಲಿ ಅತ್ತಿತ್ತ ಹೊರಳುವ ಚಡಪಡಿಕೆಯೇ ಇಲ್ಲ. ಚೆಂಡು ಕ್ಲಬ್ಬಿನ ಮುಖದ ಮೇಲೆ ಇರುವುದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲಿನಷ್ಟು ಹೊತ್ತು ಮಾತ್ರ. ಅದಕ್ಕೆ ಮೊದಲು ಕ್ಲಬ್ ಎಲ್ಲೆಲ್ಲಿ ಅಲೆದು ಬಂತು ಎಂಬುದು ಚೆಂಡಿಗೆ ಗೊತ್ತಾಗುವುದಿಲ್ಲ. ಆ ಕ್ಷಣದಲ್ಲಿ ಫ್ಯೂರಿಕ್ ಅವರಷ್ಟು ನಿಖರವಾಗಿ, ಅಷ್ಟು ವರ್ಷಗಳ ಕಾಲ, ಚೆಂಡಿಗೆ ಬಂದು ಮುಟ್ಟಿದವರು ಅವರ ತಲೆಮಾರಿನಲ್ಲಿ ಬೆರಳೆಣಿಕೆಯಷ್ಟು ಜನ. ಚೆಂದದ ಸ್ವಿಂಗ್‌ಗಳನ್ನು ನಾನೂ ಮೆಚ್ಚುತ್ತೇನೆ. ಆದರೆ ಗಾಲ್ಫ್ ನೋಡುವ ಕಣ್ಣು ಪಳಗಬೇಕಾದರೆ ಈ ಮನುಷ್ಯನ ಆಟದ ಮುಂದೆ ಒಂದಷ್ಟು ಹೊತ್ತು ಕೂರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

1970ರ ಮೇ 12ರಂದು ಪೆನ್ಸಿಲ್ವೇನಿಯಾದ ವೆಸ್ಟ್ ಚೆಸ್ಟರ್‌ನಲ್ಲಿ ಹುಟ್ಟಿದವರು ಫ್ಯೂರಿಕ್. ತಂದೆ ಮೈಕ್ ಫ್ಯೂರಿಕ್ ಗಾಲ್ಫ್ ಕ್ಲಬ್‌ಗಳಲ್ಲಿ ಆಟ ಕಲಿಸುತ್ತಿದ್ದ ವೃತ್ತಿಪರರು. ಮಗನ ಸ್ವಿಂಗ್ ಪಾಠದಂತಿಲ್ಲ ಎಂಬುದು ಅವರಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತಿರಬೇಕು! ಆದರೂ ಅವರು ಅದನ್ನು ತಿದ್ದಲು ಹೋಗಲಿಲ್ಲ. ಚೆಂಡು ಹೋಗಬೇಕಾದ ಕಡೆ ಹೋಗುತ್ತಿದೆಯೇ, ಮತ್ತೆ ಮತ್ತೆ ಹೋಗುತ್ತಿದೆಯೇ ಎಂದಷ್ಟೇ ನೋಡಿದರು. ಪಟ್ ಮಾಡುವಾಗ ಎಡಗೈ ಕೆಳಗೆ, ಬಲಗೈ ಮೇಲೆ ಹಿಡಿಯುವುದನ್ನು ಮಗನಿಗೆ ಬಾಲ್ಯದಲ್ಲೇ ಕಲಿಸಿದವರೂ ಅವರೇ. ಅದರ ಹಿಂದೆ ಒಂದು ಕತೆಯಿದೆ. ಆರ್ನಾಲ್ಡ್ ಪಾಮರ್ ಮತ್ತು ಗ್ಯಾರಿ ಪ್ಲೇಯರ್ ಇಬ್ಬರನ್ನೂ ಮೈಕ್ ಬೇರೆ ಬೇರೆಯಾಗಿ ಕೇಳಿದ್ದರಂತೆ: ಮತ್ತೆ ಮೊದಲಿನಿಂದ ಕಲಿಯುವುದಾದರೆ ಪಟಿಂಗ್‌ನಲ್ಲಿ ಏನು ಬದಲಿಸುತ್ತೀರಿ? ಇಬ್ಬರೂ ಹೇಳಿದ್ದು ಒಂದೇ, ಕೈಗಳನ್ನು ಅದಲುಬದಲು ಮಾಡಿ ಹಿಡಿಯುತ್ತಿದ್ದೆವು ಎಂದು. ಅಂಥ ಹಿಡಿತ ಅಪರೂಪವಾಗಿದ್ದ ಕಾಲದಲ್ಲಿ ಹುಡುಗ ಹಾಗೆಯೇ ಬೆಳೆದ. ಕ್ಲಬ್ ಹಿಡಿಯುವುದರಲ್ಲೂ ತನ್ನದೇ ರೀತಿ: ಬಲಗೈಯ ಕಿರುಬೆರಳೊಂದನ್ನೇ ಅಲ್ಲ, ಎರಡು ಬೆರಳುಗಳನ್ನು ಎಡಗೈ ಮೇಲೆ ಹೊದಿಸಿ ಹಿಡಿಯುತ್ತಾರೆ.

ಅರಿಜೋನಾ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿ 1992ರಲ್ಲಿ ವೃತ್ತಿಪರರಾದರು. 1995ರಲ್ಲಿ ಲಾಸ್ ವೇಗಸ್‌ನಲ್ಲಿ ಪಿಜಿಎ ಟೂರ್‌ನ ಮೊದಲ ಗೆಲುವು. 1998, 1999ರಲ್ಲಿ ಅದೇ ಟೂರ್ನಿ ಮತ್ತೆ ಕೈಗೆ ಬಂತು. 2006ರಲ್ಲಿ ವಿಶ್ವ ಕ್ರಮಾಂಕದಲ್ಲಿ ಟೈಗರ್ ವುಡ್ಸ್ ಹಿಂದೆ ಎರಡನೇ ಸ್ಥಾನ. ಒಟ್ಟು 17 ಪಿಜಿಎ ಟೂರ್ ಪ್ರಶಸ್ತಿಗಳು, ಏಳು ಕೋಟಿ ಡಾಲರ್‌ಗೂ ಹೆಚ್ಚು ಬಹುಮಾನದ ಹಣ. ಚೆಂಡನ್ನು ದೂರ ಹೊಡೆಯುವುದರಲ್ಲಿ ಯಾವತ್ತೂ ಹಿಂದೆಯೇ ಇದ್ದ ಆಟಗಾರ, ದೂರ ಹೊಡೆಯುವವರದ್ದೇ ಕಾಲವಾದಾಗ ಇಷ್ಟನ್ನು ಗಳಿಸಿದರು ಎಂಬುದನ್ನು ಮರೆಯಬಾರದು.

ಗಾಲ್ಫ್‌ನ ಅತಿ ದೊಡ್ಡ ಟೂರ್ನಿಗಳಾದ ಮೇಜರ್‌ಗಳಲ್ಲಿ ಗೆದ್ದದ್ದು ಒಂದೇ. 2003ರ ಯು.ಎಸ್. ಓಪನ್, ಷಿಕಾಗೊ ಸಮೀಪದ ಒಲಿಂಪಿಯಾ ಫೀಲ್ಡ್ಸ್. ಮೂರು ಸುತ್ತು ಮುಗಿದಾಗ 200 ಹೊಡೆತ; ಅಲ್ಲಿಯವರೆಗೆ ಯು.ಎಸ್. ಓಪನ್‌ನಲ್ಲಿ 54 ಹೋಲ್‌ಗಳನ್ನು ಯಾರೂ ಅಷ್ಟು ಕಡಿಮೆಯಲ್ಲಿ ಮುಗಿಸಿರಲಿಲ್ಲ. ಕೊನೆಗೆ 272, ಆ ಹೊತ್ತಿಗಿದ್ದ ದಾಖಲೆಗೆ ಸಮ. ಆಸ್ಟ್ರೇಲಿಯಾದ ಸ್ಟೀಫನ್ ಲೀನಿ ಮೂರು ಹೊಡೆತ ಹಿಂದುಳಿದರು. ಯು.ಎಸ್. ಓಪನ್‌ನ ಕೊನೆಯ ಸುತ್ತು ಅಮೆರಿಕದ ಅಪ್ಪಂದಿರ ದಿನಕ್ಕೆ ಬೀಳುವುದು ವಾಡಿಕೆ. ಅಪ್ಪನೊಬ್ಬನೇ ಗುರುವಾಗಿದ್ದ ಆಟಗಾರ ಆ ದಿನ ಗೆದ್ದು ಬಂದಾಗ ಹದಿನೆಂಟನೇ ಗ್ರೀನ್ ಬಳಿ ಮೈಕ್ ಕಾದಿದ್ದರು. ಅಂದು ನನಗೆ ಗೆದ್ದ ಮಗನಿಗಿಂತ ಆ ತಂದೆಯ ಮೇಲೆ ಗೌರವ ಹೆಚ್ಚಾಯಿತು. ಕಲಿಸುವುದೇ ಕಸುಬಾಗಿರುವ ಮನುಷ್ಯ, ಕಣ್ಣೆದುರಿನ ಓರೆಯನ್ನು ಮುಟ್ಟದೆ ವರ್ಷಗಟ್ಟಲೆ ಕೈಕಟ್ಟಿ ನಿಲ್ಲುವುದಕ್ಕೆ ಎಂಥ ಎದೆಗಾರಿಕೆ ಬೇಕು!

ಇನ್ನೂ ಮೂರೋ ನಾಲ್ಕೋ ಮೇಜರ್‌ಗಳು ಸಿಗಬಹುದಿತ್ತು. 2006ರಲ್ಲಿ ವಿಂಗ್ಡ್ ಫುಟ್, 2007ರಲ್ಲಿ ಓಕ್‌ಮಾಂಟ್: ಎರಡೂ ಯು.ಎಸ್. ಓಪನ್‌ಗಳಲ್ಲಿ ಒಂದೇ ಒಂದು ಹೊಡೆತದಿಂದ ಜಂಟಿ ಎರಡನೇ ಸ್ಥಾನ. 2013ರ ಪಿಜಿಎ ಚಾಂಪಿಯನ್‌ಷಿಪ್‌ನಲ್ಲಿ ಶನಿವಾರ ರಾತ್ರಿಯವರೆಗೆ ಮುಂದಿದ್ದು ಭಾನುವಾರ ಜೇಸನ್ ಡಫ್ನರ್‌ಗೆ ಸೋತರು. ಆದರೆ ನನ್ನನ್ನು ಬಹಳ ಕಾಡುವುದು 2012, ಸ್ಯಾನ್ ಫ್ರಾನ್ಸಿಸ್ಕೊದ ಒಲಿಂಪಿಕ್ ಕ್ಲಬ್. ಹದಿನಾರನೇ ಹೋಲ್‌ಗೆ ಬಂದಾಗ ಫ್ಯೂರಿಕ್ ಮುನ್ನಡೆಯ ಪಾಲುದಾರರು. ಅದು 670 ಗಜದ ಮಹಾ ಉದ್ದದ ಪಾರ್ ಐದು. ಕೊನೆಯ ದಿನ ಸಂಘಟಕರು ಅದರ ಟೀಯನ್ನು ಸುಮಾರು ನೂರು ಗಜ ಮುಂದಕ್ಕೆ ತಂದಿದ್ದರು. ಫೇರ್‌ವೇ ತಿರುಗುವ ಕೋನವೇ ಬದಲಾಗಿತ್ತು. ಯಾವ ಕ್ಲಬ್, ಯಾವ ಮರದ ನೇರಕ್ಕೆ ಎಂಬ ಲೆಕ್ಕವೆಲ್ಲ ತಲೆಕೆಳಗು. ಹೊಡೆದ ಚೆಂಡು ಎಡಕ್ಕೆ ಗಿರಕ್ಕನೆ ತಿರುಗಿ ಮರಗಳೊಳಗೆ ಹೋಯಿತು. ಅಲ್ಲಿ ಒಂದು ಹೊಡೆತ ಕಳೆದುಕೊಂಡರು, ಹದಿನೆಂಟರಲ್ಲಿ ಇನ್ನೊಂದು. ವೆಬ್ ಸಿಂಪ್ಸನ್ ಗೆದ್ದರು.

ಟೀ ಎಲ್ಲರಿಗೂ ಒಂದೇ ಇತ್ತು, ಆದ್ದರಿಂದ ಅನ್ಯಾಯವಾಯಿತು ಎನ್ನಲಾರೆ. ಆದರೆ ಫ್ಯೂರಿಕ್ ಅವರ ಆಟದ ಶಕ್ತಿ ಮತ್ತು ಮಿತಿ ಎರಡೂ ಆ ಒಂದು ಹೊಡೆತದಲ್ಲಿ ಕಾಣುತ್ತವೆ. ಅವರದು ರೂಢಿಯ ಆಟ. ಒಂದು ಪಟ್ ಹೊಡೆಯಲು ಚೆಂಡಿನ ಬಳಿ ಬಂದು ನಿಲ್ಲುತ್ತಾರೆ, ಹೊಡೆಯದೆ ಹಿಂದೆ ಸರಿಯುತ್ತಾರೆ, ಇಳಿಜಾರನ್ನು ಮತ್ತೊಮ್ಮೆ ಓದಿಕೊಂಡು ಬಂದು ಹೊಡೆಯುತ್ತಾರೆ. ಟಿವಿ ಮುಂದೆ ಕುಳಿತವರಿಗೆ ಇದು ಬೇಸರ ತರಿಸಬಹುದು. ನೆಲ, ದೂರ, ಗಾಳಿ ಎಲ್ಲವನ್ನೂ ಮೊದಲೇ ಅಳೆದಿಟ್ಟುಕೊಂಡು, ಅಳತೆಯ ಪ್ರಕಾರ ಹೊಡೆಯುವ ಆಟಗಾರನಿಗೆ ಅಳೆಯದ ಜಾಗದಲ್ಲಿ ನಿಂತು ಹೊಡೆಯಬೇಕಾಗಿ ಬಂದದ್ದು, ಅದೂ ಯು.ಎಸ್. ಓಪನ್‌ನ ಕೊನೆಯ ಮೂರು ಹೋಲ್ ಉಳಿದಿರುವಾಗ, ದೊಡ್ಡ ಕಷ್ಟ.

ಹಾಗಿದ್ದೂ ನಲವತ್ತು ದಾಟಿದ ಮೇಲೆ ಅವರು ಬರೆದ ಅಂಕಿಗಳು ಬೆರಗು ಹುಟ್ಟಿಸುತ್ತವೆ. 2013ರ ಸೆಪ್ಟೆಂಬರ್‌ನಲ್ಲಿ, ಇಲಿನಾಯ್‌ನ ಕಾನ್ವೇ ಫಾರ್ಮ್ಸ್‌ನಲ್ಲಿ 59. ಅದರಲ್ಲಿ ಒಂದು ಬೋಗಿಯೂ ಇತ್ತು! 2016ರ ಆಗಸ್ಟ್ 7ರಂದು ಕನೆಕ್ಟಿಕಟ್‌ನ ಕ್ರಾಮ್‌ವೆಲ್‌ನಲ್ಲಿ, ಟ್ರಾವೆಲರ್ಸ್ ಚಾಂಪಿಯನ್‌ಷಿಪ್‌ನ ಕೊನೆಯ ಸುತ್ತಿನಲ್ಲಿ 58. ಪಿಜಿಎ ಟೂರ್ ಇತಿಹಾಸದಲ್ಲಿ ಅದೇ ಮೊದಲು. ಆಗ ವಯಸ್ಸು 46. ಅದೇ ವರ್ಷದ ಆರಂಭದಲ್ಲಿ ಮಣಿಕಟ್ಟಿನ ಶಸ್ತ್ರಚಿಕಿತ್ಸೆ ಆಗಿತ್ತು. ಮೂರನೇ ಹೋಲ್‌ನಲ್ಲಿ ದೂರದಿಂದ ಹೊಡೆದ ಚೆಂಡು ನೇರ ಕುಳಿಗೆ ಬಿದ್ದು ಈಗಲ್ ಆಯಿತು. ಆರರಿಂದ ಹನ್ನೆರಡರವರೆಗೆ ಸಾಲಾಗಿ ಏಳು ಬರ್ಡಿ. ಮೊದಲ ಒಂಬತ್ತು ಹೋಲ್‌ಗೆ ಕೇವಲ 27. ಪಾರ್ 70ರ ಅಂಗಣದಲ್ಲಿ ಹನ್ನೆರಡು ಕಡಿಮೆ. ಮೊದಲ ಮೂರು ದಿನ ಪಟ್ಟಿಯ ತಳದಲ್ಲಿದ್ದುದರಿಂದ ಇಷ್ಟೆಲ್ಲ ಆಡಿಯೂ ಸಿಕ್ಕಿದ್ದು ಜಂಟಿ ಐದನೇ ಸ್ಥಾನ.

ಈ ಎಲ್ಲ ವರ್ಷಗಳಲ್ಲೂ ಪಕ್ಕದಲ್ಲಿ ಬ್ಯಾಗ್ ಹೊತ್ತು ನಡೆದವರು ಬಿಳಿ ಮೀಸೆಯ ಮೈಕ್ ಕೋವನ್, ಎಲ್ಲರ ಬಾಯಲ್ಲಿ ಫ್ಲಫ್. ವುಡ್ಸ್ ಜೊತೆಗಿದ್ದ ಇವರು 1999ರಲ್ಲಿ ಫ್ಯೂರಿಕ್ ಕಡೆ ಬಂದು ಸುಮಾರು ಕಾಲು ಶತಮಾನ ಉಳಿದರು. ಕ್ಯಾಡಿಗಳನ್ನು ಆಗಾಗ ಬದಲಿಸುವ ಈ ಆಟದಲ್ಲಿ ಇಂಥ ನಂಟು ಅಪರೂಪ.

ಅಮೆರಿಕ ಮತ್ತು ಯುರೋಪ್ ತಂಡಗಳು ಸೆಣಸುವ ರೈಡರ್ ಕಪ್ ಮಾತ್ರ ಫ್ಯೂರಿಕ್‌ಗೆ ಒಲಿಯಲಿಲ್ಲ. ಆಡಿದ ಪಂದ್ಯಗಳಲ್ಲಿ ಹತ್ತು ಗೆಲುವು, ಇಪ್ಪತ್ತು ಸೋಲು. 2018ರಲ್ಲಿ ಪ್ಯಾರಿಸ್ ಬಳಿ ನಾಯಕರಾಗಿಯೂ ಸೋಲು. 2024ರಲ್ಲಿ ಮಾಂಟ್ರಿಯಲ್‌ನ ಪ್ರೆಸಿಡೆಂಟ್ಸ್ ಕಪ್‌ನಲ್ಲಿ ಅಮೆರಿಕವನ್ನು ಗೆಲುವಿನ ದಡ ಮುಟ್ಟಿಸಿದರು. ಐವತ್ತು ತುಂಬಿದವರ ಚಾಂಪಿಯನ್ಸ್ ಟೂರ್‌ಗೆ 2020ರಲ್ಲಿ ಕಾಲಿಟ್ಟು ಮೊದಲ ಎರಡೂ ಟೂರ್ನಿಗಳನ್ನು ಗೆದ್ದರು, ಎರಡನೆಯದು ಪೆಬಲ್ ಬೀಚ್‌ನಲ್ಲಿ. ಮರುವರ್ಷ ಒಮಾಹಾದಲ್ಲಿ ಯು.ಎಸ್. ಸೀನಿಯರ್ ಓಪನ್. ಸ್ವಿಂಗ್‌ನ ಸುತ್ತು ಆಗಲೂ ಹಾಗೆಯೇ ಇತ್ತು.

ಇವರ ಆಟವನ್ನು ಹೊಸದಾಗಿ ನೋಡುವವರು 58ರಿಂದ ಶುರು ಮಾಡಬೇಡಿ. ಆ ದಿನ ಎಲ್ಲವೂ ಸಲೀಸಾಗಿತ್ತು. 2010ರ ಟೂರ್ ಚಾಂಪಿಯನ್‌ಷಿಪ್ ನೋಡಿ, ಅಟ್ಲಾಂಟಾದ ಈಸ್ಟ್ ಲೇಕ್. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಫೋನಿನ ಬ್ಯಾಟರಿ ಮುಗಿದು ಅಲಾರಂ ಹೊಡೆಯದೆ, ಪ್ರೊ-ಆಮ್‌ಗೆ ತಡವಾಗಿ ಬಂದದ್ದಕ್ಕೆ ಬಾರ್ಕ್ಲೇಸ್ ಟೂರ್ನಿಯಿಂದಲೇ ಹೊರಬಿದ್ದಿದ್ದರು. ಈಸ್ಟ್ ಲೇಕ್‌ನಲ್ಲಿ ಕೈಯಲ್ಲಿದ್ದುದು ಅಂಗಡಿಯೊಂದರಲ್ಲಿ 39 ಡಾಲರ್‌ಗೆ ಕೊಂಡ ಹಳೆಯ ಪಟರ್. ಪಣದಲ್ಲಿದ್ದುದು ಫೆಡೆಕ್ಸ್ ಕಪ್‌ನ ಒಂದು ಕೋಟಿ ಡಾಲರ್. ಮಳೆ ಸುರಿಯುತ್ತಿದೆ, ಟೋಪಿಯನ್ನು ಹಿಂದುಮುಂದಾಗಿ ತಿರುಗಿಸಿಕೊಂಡಿದ್ದಾರೆ. ಹದಿನಾರರಲ್ಲಿ ಬೋಗಿ, ಹದಿನೇಳರಲ್ಲೂ ಬೋಗಿ. ಲ್ಯೂಕ್ ಡೊನಾಲ್ಡ್‌ಗಿಂತ ಒಂದೇ ಹೊಡೆತ ಮುಂದೆ. ಹದಿನೆಂಟು ಆಗ ಉದ್ದನೆಯ ಪಾರ್ ಮೂರು. ಟೀ ಹೊಡೆತ ಬಂಕರ್‌ಗೆ ಬಿತ್ತು. ನೆನೆದ ಮರಳಿನಿಂದ ಚೆಂಡನ್ನು ಎತ್ತಿ ಕುಳಿಯಿಂದ ಮೂರಡಿಯೊಳಗೆ ತಂದು ನಿಲ್ಲಿಸಿದರು. ಉಳಿದ ಪಟ್ ಹಾಕಿದರು. ಆ ಬಂಕರ್ ಹೊಡೆತದಲ್ಲಿ ಸುತ್ತೂ ಇಲ್ಲ, ಆಕ್ಟೋಪಸ್ಸೂ ಇಲ್ಲ. ಅದನ್ನು ನೋಡಿದ ಮೇಲೆ ಅವರ ಡ್ರೈವರ್ ಸ್ವಿಂಗ್ ನೋಡಿ.