ಕೋಟದಲ್ಲಿ ಕೇಳಿದ ಪ್ರಶ್ನೆ, ಸವದತ್ತಿಯಲ್ಲಿ ಉಳಿದ ಪ್ರಶ್ನೆ

ಮಂಗಳವಾರ, ಶುಕ್ರವಾರ ಬಂತೆಂದರೆ ಸವದತ್ತಿಯ ಯಲ್ಲಮ್ಮನ ಗುಡ್ಡದ ಕಡೆ ಜನ ಹೊರಡುತ್ತಾರೆ. ಗುರುವಾರ ಸಂಜೆ ದರ್ಗಾಗಳ ಮುಂದೆ ಲೋಬಾನದ ಹೊಗೆ ಏಳುತ್ತದೆ. ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಹಳ್ಳಿಗಳಿಂದ ಹೊರಡುವ ಈ ಜನರಲ್ಲಿ ಹರಕೆ ತೀರಿಸುವವರಿದ್ದಾರೆ, ಬರೀ ದರ್ಶನಕ್ಕೆ ಬಂದವರಿದ್ದಾರೆ. ಹಾಗೆಯೇ ಮನೆಯಲ್ಲಿ ಯಾರಿಗೋ ‘ಗಾಳಿ ಸೋಕೇತಿ’, ‘ಯಾರೋ ಮಾಡಿಸ್ಯಾರ’, ‘ಅಸರ್ ಆಗೇತಿ’ ಎಂದು ಅವರ ಕೈ ಹಿಡಿದು ಕರೆತಂದವರೂ ಇದ್ದಾರೆ. ಈ ದಾರಿಯಲ್ಲಿ ಧರ್ಮದ ಗಡಿ ಅಷ್ಟಾಗಿ ಕಾಣುವುದಿಲ್ಲ. ನೆರೆಯ ನವಲಗುಂದ ತಾಲೂಕಿನ ಯಮನೂರಿನಲ್ಲಿ ಒಂದೇ ಸ್ಥಳ ಕೆಲವರಿಗೆ ಚಾಂಗದೇವ, ಕೆಲವರಿಗೆ ರಾಜಾಬಾಗಸವಾರ. ಮೊಹರಂನಲ್ಲಿ ಪಂಜಾ ಹೊತ್ತವರ ಮೈದುಂಬಿದಾಗ ಎದುರಿಗೆ ನಿಂತು ಹೇಳಿಕೆ ಕೇಳುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ.

ಇದನ್ನು ಕಂಡು ಓದಿದವರು ಮೂಢನಂಬಿಕೆ ಎಂದು ನಗುತ್ತಾರೆ. ಧಾರ್ಮಿಕ ಸುಧಾರಣೆಯ ಮಾತಾಡುವವರು ಬಯ್ಯುತ್ತಾರೆ. ಆದರೆ ಹಾಗೆ ಕರೆತಂದ ಹೆಣ್ಣುಮಗಳಿಗೆ ಏನಾಗಿದೆ, ಆಕೆ ಮೊದಲು ಯಾರ ಬಳಿ ಹೋದಳು, ಯಾಕೆ ಹೋದಳು ಎಂದು ಸಮಾಧಾನದಿಂದ ಕೂತು ಕೇಳುವವರು ಕಡಿಮೆ. ಹಾಗೆ ಕೇಳಿದ ಮನೋವೈದ್ಯರೊಬ್ಬರು ಕರ್ನಾಟಕದಲ್ಲಿಯೇ ಕೆಲಸ ಮಾಡಿದ್ದರು. ಡಾ. ಆರ್.ಎಲ್. ಕಪೂರ್ (1938–2006) ಅವರ ಬರಹವನ್ನು ಇಂದು ಮತ್ತೆ ಓದಬೇಕೆಂದು ನಮಗೆ ಅನಿಸಿದ್ದು ಈ ಕಾರಣಕ್ಕೆ. ಅವರ ಕೆಲಸದಿಂದ ವಿದ್ವತ್ ಲೋಕ ಪಡೆದದ್ದೇನು, ಕೈಬಿಟ್ಟದ್ದೇನು ಎಂಬುದು ನಮ್ಮ ನಾಲ್ಕು ತಾಲೂಕುಗಳ ಮಟ್ಟಿಗೆ ಬರೀ ಪಾಂಡಿತ್ಯದ ಚರ್ಚೆಯಲ್ಲ.

ಕಪೂರ್ ಅವರ ಹೆಸರನ್ನು ಜಗತ್ತಿಗೆ ತಿಳಿಸಿದ್ದು ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಗ್ರಂಥ. ಎಡಿನ್‌ಬರೋದ ಪ್ರಾಧ್ಯಾಪಕ ಜಿ. ಮಾರಿಸ್ ಕಾರ್ಸ್ಟೇರ್ಸ್ ಅವರೊಂದಿಗೆ ಬರೆದ ಈ ಪುಸ್ತಕ 1976ರಲ್ಲಿ ಪ್ರಕಟವಾಯಿತು. ಶಿವರಾಮ ಕಾರಂತರು ಹುಟ್ಟಿದ ಕೋಟವೇ ಇದು. ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಇಂದು ಉಡುಪಿ ಜಿಲ್ಲೆಯಲ್ಲಿದೆ. ಬ್ರಾಹ್ಮಣ, ಬಂಟ, ಮೊಗವೀರ ಎಂಬ ಮೂರು ಸಮುದಾಯಗಳನ್ನು ಆರಿಸಿಕೊಂಡು, ಮನೆ ಮನೆಗೆ ಹೋಗಿ, ಜನರ ಮಾನಸಿಕ ತೊಂದರೆಗಳನ್ನು ಈ ತಂಡ ಕೇಳಿ ತಿಳಿದುಕೊಂಡಿತು. ಅಳಿಯಸಂತಾನದ ಪದ್ಧತಿಯಿಂದ ಮಕ್ಕಳ ಸಂತಾನದ ಪದ್ಧತಿಗೆ ಸಮಾಜ ಹೊರಳುತ್ತಿದ್ದ ಕಾಲವದು. ಈ ಬದಲಾವಣೆ ಮನುಷ್ಯರ ಮನಸ್ಸಿನ ಮೇಲೆ ಏನು ಮಾಡುತ್ತದೆ ಎಂಬುದು ಅವರು ಎತ್ತಿಕೊಂಡ ಮುಖ್ಯ ಪ್ರಶ್ನೆ.

ಪ್ರಶ್ನೆ ಕೇಳುವ ವಿಧಾನದಲ್ಲಿಯೂ ಅವರು ಎಚ್ಚರ ವಹಿಸಿದರು. ಇಂಗ್ಲೆಂಡಿನ ರೋಗಿಗಳಿಗಾಗಿ ಮಾಡಿದ ಪ್ರಶ್ನಾವಳಿಯನ್ನು ಹಾಗೆಯೇ ಕನ್ನಡಕ್ಕೆ ತಿರುಗಿಸಿದರೆ ಸಾಲದು ಎಂಬುದು ಅವರಿಗೆ ಗೊತ್ತಿತ್ತು. ಮನೋವಿಜ್ಞಾನಿ ಮಾಳವಿಕಾ ಕಪೂರ್ ಮತ್ತು ಕಾರ್ಸ್ಟೇರ್ಸ್ ಅವರೊಡನೆ ಸೇರಿ 1974ರಲ್ಲಿ ಭಾರತೀಯ ಸಂದರ್ಶನ ಪಟ್ಟಿಯನ್ನೇ ಪ್ರಕಟಿಸಿದರು. ನಮ್ಮ ಜನ ದುಃಖವನ್ನು ದೇಹದ ಮಾತಿನಲ್ಲಿ ಹೇಳುತ್ತಾರೆ: ಎದೆ ಉರಿ, ತಲೆ ಭಾರ, ಕೈಕಾಲು ಸೋಲು. ಅವರು ಅದನ್ನು ದೇವರ, ದೈವದ ಮಾತಿನಲ್ಲಿಯೂ ಹೇಳುತ್ತಾರೆ. ಇದನ್ನೆಲ್ಲ ಕೇಳಿಸಿಕೊಳ್ಳುವ ಸಾಧನ ಬೇಕಿತ್ತು.

ಕಪೂರ್ ಅವರ ಇನ್ನೊಂದು ಮಹತ್ವದ ಬರಹ 1975ರಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ಸೈಕಿಯಾಟ್ರಿ’ಯಲ್ಲಿ ಬಂತು. ಕೋಟದ ಜನ ಕಷ್ಟ ಬಂದಾಗ ಎಲ್ಲಿಗೆ ಹೋಗುತ್ತಾರೆ ಎಂಬುದು ಅದರ ವಸ್ತು. ವೈದ್ಯ ಅಂದರೆ ನಾಟಿ ಔಷಧ ಕೊಡುವವನು, ಮಂತ್ರವಾದಿ, ದೈವ ಮೈಮೇಲೆ ಬಂದು ಮಾತಾಡುವ ಪಾತ್ರಿ, ಇಂಗ್ಲಿಷ್ ಔಷಧದ ಡಾಕ್ಟರ್ ಎಲ್ಲರೂ ಅಲ್ಲಿದ್ದರು. ಜನ ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಆರಿಸಿಕೊಳ್ಳುತ್ತಿರಲಿಲ್ಲ. ಡಾಕ್ಟರ ಬಳಿಗೂ ಹೋಗುತ್ತಿದ್ದರು, ಪಾತ್ರಿಯ ಬಳಿಗೂ ಹೋಗುತ್ತಿದ್ದರು. ಹಾಗಾದರೆ ಆಧುನಿಕ ವೈದ್ಯ ಬಂದ ಕೂಡಲೇ ಹಳೆಯ ಬಾಗಿಲು ಮುಚ್ಚಿಹೋಗುತ್ತದೆ ಎಂಬ ಲೆಕ್ಕ ತಪ್ಪಾಯಿತು. 1979ರಲ್ಲಿ ಅವರು ಗ್ರಾಮೀಣ ಮಾನಸಿಕ ಆರೈಕೆಯಲ್ಲಿ ಈ ಸಾಂಪ್ರದಾಯಿಕ ಚಿಕಿತ್ಸಕರ ಪಾತ್ರವನ್ನೇ ವಿಷಯವಾಗಿಟ್ಟುಕೊಂಡು ಇನ್ನೊಂದು ಲೇಖನ ಬರೆದರು.

ಈ ಕೆಲಸದ ಪ್ರಭಾವ ಸಣ್ಣದಲ್ಲ. ಕೋಟದ ನಂತರ ಕಪೂರ್ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದರು. 1970ರ ದಶಕದಲ್ಲಿಯೇ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಸಮುದಾಯ ಮಾನಸಿಕ ಆರೋಗ್ಯದ ಪ್ರಯೋಗ ಮೊದಲಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರೆ ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತಲುಪಿಸಬಹುದು ಎಂಬ ಆಲೋಚನೆ ಅಲ್ಲಿ ಬಲಗೊಂಡಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1980ರ ದಶಕದ ಮಧ್ಯದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದರ ಪ್ರಯೋಗ ನಡೆದು, ‘ಬಳ್ಳಾರಿ ಮಾದರಿ’ ಎಂದು ಹೆಸರಾಯಿತು. 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶದ ಇತರ ಜಿಲ್ಲೆಗಳಿಗೆ ಹಬ್ಬಿತು.

ಮೈಮೇಲೆ ಬರುವುದನ್ನು ಕುರಿತು ಕರ್ನಾಟಕದಲ್ಲಿ ಅಧ್ಯಯನಗಳೂ ಮುಂದುವರಿದವು. ಪಶ್ಚಿಮ ಕರ್ನಾಟಕದಲ್ಲಿ ನಡೆದ ಅಂಥ ಒಂದು ಸಮೀಕ್ಷೆ 1981ರಲ್ಲಿ ಪ್ರಕಟವಾಯಿತು. ಅದರ ಲೇಖಕರಲ್ಲಿ ಒಬ್ಬರಾದ ಡಾ. ಸಿ.ಆರ್. ಚಂದ್ರಶೇಖರ್ ಮುಂದೆ ಮನಸ್ಸಿನ ಆರೋಗ್ಯದ ಮಾತನ್ನು ನೂರಾರು ಕನ್ನಡ ಪುಸ್ತಕಗಳ ಮೂಲಕ ಸಾಮಾನ್ಯ ಓದುಗರಿಗೆ ಮುಟ್ಟಿಸಿದರು. 2002ರಲ್ಲಿ ಡಾ. ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ದೇವಸ್ಥಾನವೊಂದರಲ್ಲಿ ಉಳಿದುಕೊಂಡಿದ್ದ 31 ಜನರನ್ನು ಪರೀಕ್ಷಿಸಿ, ಕೆಲವು ವಾರಗಳ ವಾಸದ ನಂತರ ಅವರ ರೋಗಲಕ್ಷಣಗಳ ಅಂಕ ಸುಮಾರು ಶೇ. 19ರಷ್ಟು ಇಳಿದಿತ್ತೆಂದು ಬರೆದರು. ಶಾಂತವಾದ ಜಾಗ, ಜೊತೆಗೆ ಮನೆಯವರು, ಅವಮಾನವಿಲ್ಲದ ಉಪಚಾರ ಇವೆಲ್ಲ ಕೆಲಸ ಮಾಡಿರಬೇಕು. ಪ್ರಶ್ನೆ ಕೋಟದ್ದೇ, ಊರು ಮಾತ್ರ ಬೇರೆ.

ಇನ್ನು ಕೊರತೆಯ ಮಾತು. ನಮಗೆ ಕಾಣುವುದು ಮೂರು.

ಮೊದಲನೆಯದು ಕಪೂರ್ ಅವರದಲ್ಲ, ಅವರನ್ನು ಅನುಸರಿಸಿದ ವ್ಯವಸ್ಥೆಯದು. ಕೋಟದ ಅಧ್ಯಯನದಲ್ಲಿ ಎರಡು ಭಾಗಗಳಿದ್ದವು: ಚಿಕಿತ್ಸೆಯನ್ನು ಹಳ್ಳಿಗೆ ತಲುಪಿಸಬೇಕು ಎಂಬುದು ಒಂದು, ಹಳ್ಳಿಯ ಜನ ಏನು ಹೇಳುತ್ತಾರೋ ಅದನ್ನು ಕೇಳಬೇಕು ಎಂಬುದು ಇನ್ನೊಂದು. ಸರ್ಕಾರ ಮೊದಲಿನದನ್ನು ತೆಗೆದುಕೊಂಡಿತು, ಎರಡನೆಯದನ್ನು ಕಪಾಟಿನಲ್ಲಿಟ್ಟಿತು. ಗುಳಿಗೆ ಬಂತು, ಬರಬೇಕಾದದ್ದೇ, ಅದರಿಂದ ಸಾವಿರಾರು ಮನೆಗಳು ಉಳಿದಿವೆ. ಆದರೆ ದರ್ಗಾದ ಮುಜಾವರನ ಜೊತೆ, ಗುಡ್ಡದ ಪೂಜಾರಿಯ ಜೊತೆ, ಹೇಳಿಕೆ ಹೇಳುವ ಜೋಗತಿಯ ಜೊತೆ ಯಾವ ಆರೋಗ್ಯಾಧಿಕಾರಿ ಕೂತು ಮಾತಾಡಿದ್ದಾರೆ? ನಮ್ಮ ಕಡೆ ಇಂದಿಗೂ ‘ಧಾರವಾಡಕ್ಕೆ ಕರಕೊಂಡು ಹೋಗ್ರಿ’ ಎಂದರೆ ಅದು ಬೈಗುಳದಂತೆ ಕೇಳುತ್ತದೆ. ಅಲ್ಲಿನ ಹಳೆಯ ಮಾನಸಿಕ ಆಸ್ಪತ್ರೆ ಇಂದು ಡಿಮ್ಹಾನ್ಸ್ ಸಂಸ್ಥೆಯಾಗಿದ್ದರೂ ಹೆಸರಿನ ಭಯ ಹೋಗಿಲ್ಲ. ಆ ಭಯವನ್ನು ಗುಳಿಗೆ ಕಳೆಯಲಾರದು.

ಎರಡನೆಯ ಕೊರತೆ ಕಪೂರ್ ಅವರ ಅಧ್ಯಯನದ್ದೇ. ಗ್ರಂಥದ ಹೆಸರಿನಲ್ಲಿ ‘ಮಹಾ ವಿಶ್ವ’ ಎಂದಿದ್ದರೂ ಅದು ಮೂರು ಸಮುದಾಯಗಳ ವಿಶ್ವ. ದಲಿತರಾಗಲಿ ಮುಸ್ಲಿಮರಾಗಲಿ ಅದರ ಲೆಕ್ಕದಲ್ಲಿ ಬರಲಿಲ್ಲ. ಸಂಶೋಧಕ ಎಲ್ಲವನ್ನೂ ಒಮ್ಮೆಗೇ ನೋಡಲಾರ ಎಂಬುದನ್ನು ಒಪ್ಪೋಣ. ಆದರೆ ಅದರ ಪ್ರಭಾವದಲ್ಲಿ ‘ಭಾರತದ ಹಳ್ಳಿ’ ಎಂದರೆ ಇದೇ ಎಂಬಂತಾದಾಗ ಉಳಿದವರು ಕಾಣದೆ ಹೋಗುತ್ತಾರೆ. ರಾಮದುರ್ಗದ ಮಗ್ಗದ ಮನೆಯಲ್ಲಿ, ಬೈಲಹೊಂಗಲದ ಪೇಟೆಯ ಹಿಂದಿನ ಗಲ್ಲಿಯಲ್ಲಿ ಮುಸ್ಲಿಂ ಹೆಣ್ಣುಮಗಳು ತನ್ನ ಸಂಕಟವನ್ನು ದಖನಿಯಲ್ಲಿ ಹೇಳುತ್ತಾಳೆ. ‘ಘಬ್ರಾಟ್ ಹೋತಾ’ ಎಂಬ ಆಕೆಯ ಒಂದು ಮಾತಿನಲ್ಲಿ ಹೆದರಿಕೆ, ಸಾಲದ ಚಿಂತೆ, ಗಂಡನ ಕುಡಿತ, ಮೂರನೆಯ ಹೆರಿಗೆಯ ದಣಿವು ಎಲ್ಲವೂ ಸೇರಿರಬಹುದು. ಅದನ್ನು ಹಿಡಿಯುವ ಪ್ರಶ್ನಾವಳಿ ಯಾರ ಕೈಯಲ್ಲಿದೆ? 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿದ್ದು ನಿಮ್ಹಾನ್ಸ್. ಹೆಚ್ಚಿನ ಕಾಯಿಲೆಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆ ಸಿಗುತ್ತಿಲ್ಲವೆಂದು ಅದು ಕಂಡುಕೊಂಡಿತು. ಆದರೆ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ.

ಮೂರನೆಯದು ಇನ್ನೂ ಕಠಿಣ. ಜನರ ನಂಬಿಕೆಯನ್ನು ಗೌರವದಿಂದ ಕೇಳಬೇಕು ಎಂಬುದನ್ನು ಕಪೂರ್ ಕಲಿಸಿದರು. ಎಲ್ಲಿಯವರೆಗೆ ಎಂಬ ಗೆರೆಯನ್ನು ಸವದತ್ತಿಯಲ್ಲಿ ನಿಂತು ನಾವೇ ಎಳೆಯಬೇಕಾಗುತ್ತದೆ. ಇಲ್ಲಿ ಹುಡುಗಿಯ ತಲೆಗೂದಲು ಜಡೆಗಟ್ಟಿದರೆ ಅದು ಯಲ್ಲಮ್ಮನ ಕರೆ ಎಂದು ತಿಳಿದು, ಬಡ ದಲಿತ ಮನೆಯ ಮಕ್ಕಳನ್ನು ದೇವರಿಗೆ ಬಿಟ್ಟ ಚರಿತ್ರೆ ಇದೆ. ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದ ಅದೇ 1982ರ ಇಸವಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯ ಹೆಸರಿನಲ್ಲಿಯೂ ಇದೆ. ಇನ್ನು ನಮ್ಮ ಸಮುದಾಯದ ಮಾತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಆಸರೆಗೆಂದು ಬಂದು ಖಾಸಗಿ ಆಶ್ರಯದಲ್ಲಿ ಸರಪಳಿಗೆ ಬಿಗಿಯಲ್ಪಟ್ಟಿದ್ದ ಮಾನಸಿಕ ರೋಗಿಗಳು ಬೆಂಕಿಯಲ್ಲಿ ಬೆಂದರು. ಸತ್ತವರು 28 ಮಂದಿ. ಓಡಿಹೋಗಲು ಅವರಿಗೆ ಕಾಲಿತ್ತು, ಕಾಲಿಗೆ ಸರಪಳಿ ಇತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೀಗೆ ಸರಪಳಿ ಹಾಕುವುದನ್ನು ನಿಷೇಧಿಸಿದೆ.

ಹಾಗಾದರೆ ಗೆರೆ ಎಲ್ಲಿದೆ? ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. 2022ರಿಂದ ಜಾರಿಯಲ್ಲಿರುವ ಅದರ ಹನ್ನೊಂದನೆಯ ಆವೃತ್ತಿ, ಸಮುದಾಯ ಒಪ್ಪಿದ ಆಚರಣೆಯ ಭಾಗವಾಗಿ ಮೈದುಂಬುವುದನ್ನು ರೋಗ ಎನ್ನುವುದಿಲ್ಲ. ಬೇಡದೆ ಬಂದು, ನರಳಿಸಿ, ಬದುಕನ್ನು ಕೆಡಿಸಿದರೆ ಮಾತ್ರ ರೋಗ ಎನ್ನುತ್ತದೆ. ಇದಕ್ಕೆ ನಾವು ಇನ್ನೊಂದು ಪ್ರಶ್ನೆ ಸೇರಿಸಲು ಬಯಸುತ್ತೇವೆ: ಆಕೆ ‘ಸಾಕು’ ಎಂದರೆ ಅಲ್ಲಿಂದ ಎದ್ದು ಬರಬಹುದೇ? ಬರಬಹುದಾದರೆ ಅದು ಆಸರೆ. ಬರಲಾಗದಿದ್ದರೆ ಅದಕ್ಕೆ ದೇವರ ಹೆಸರಿದ್ದರೂ, ವಲಿಗಳ ಹೆಸರಿದ್ದರೂ, ಆಸ್ಪತ್ರೆಯ ಹೆಸರಿದ್ದರೂ ಅದು ಸೆರೆಮನೆ.

ಈ ಮಾತನ್ನು ನಮ್ಮವರಿಗೂ ಹೇಳಬೇಕಾಗಿದೆ. ತಾಯತ ಕಟ್ಟುವುದು ತಪ್ಪು ಎಂದು ಗಂಟೆಗಟ್ಟಲೆ ಭಾಷಣ ಮಾಡುವವರು, ಮಗಳನ್ನು ಕರೆದುಕೊಂಡು ಇನ್ನೆಲ್ಲಿಗೆ ಹೋಗಬೇಕು ಎಂದು ಆ ತಾಯಿಗೆ ಹೇಳುವುದಿಲ್ಲ. ತಾಯತ ಕಟ್ಟುವವರು ತಮ್ಮಿಂದ ಆಗದು ಎಂದು ಗೊತ್ತಾದ ಮೇಲೂ ಆಕೆಯನ್ನು ವೈದ್ಯರ ಬಳಿ ಕಳಿಸುವುದಿಲ್ಲ. 1284ರಲ್ಲಿ ಕೈರೋದಲ್ಲಿ ಕಟ್ಟಿದ ಮನ್ಸೂರಿ ಆಸ್ಪತ್ರೆಯಲ್ಲಿ ಮಾನಸಿಕ ರೋಗಿಗಳಿಗೆ ಪ್ರತ್ಯೇಕ ವಿಭಾಗವಿತ್ತೆಂದು ಹೆಮ್ಮೆಪಡುವ ನಾವು, ನಮ್ಮ ಮೊಹಲ್ಲಾದ ಒಬ್ಬ ರೋಗಿಗೆ ಬಸ್ ಚಾರ್ಜು ಕೊಟ್ಟು ಜೊತೆಗೆ ಹೋಗಲು ಹಿಂಜರಿಯುತ್ತೇವೆ.

ರಾಜ್ಯ ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮ, ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರನ್ನು ಕಾಣಲು ಗೊತ್ತುಮಾಡಿದ್ದು ಮಂಗಳವಾರವನ್ನೇ. ಯಲ್ಲಮ್ಮನ ವಾರವೂ ಅದೇ. 2022ರ ಅಕ್ಟೋಬರ್‌ನಿಂದ 14416 ಎಂಬ ಟೆಲಿಮಾನಸ್ ದೂರವಾಣಿಯೂ ಇದೆ. ಗುಡ್ಡಕ್ಕೆ ಹೋಗುವ ದಾರಿಯಲ್ಲಿಯೇ ಆಸ್ಪತ್ರೆಗೂ ಒಂದು ಹೆಜ್ಜೆ ಇಡಿ ಎಂದು ಪೂಜಾರಿಯೇ ಹೇಳಿದರೆ, ಜುಮಾ ನಮಾಜಿನ ನಂತರ ಇಮಾಮರೇ ಆ ನಾಲ್ಕೈದು ಅಂಕೆಗಳನ್ನು ಓದಿ ಹೇಳಿದರೆ, ಕೋಟದಲ್ಲಿ ಕಪೂರ್ ಕಂಡ ಎರಡು ಬಾಗಿಲುಗಳ ನಡುವೆ ಒಂದು ದಾರಿಯಾದೀತು.

ಸಾಧುಗಳ ನಡುವೆ ಓಡಾಡಿ ಕಪೂರ್ ಬರೆದ ‘ಅನದರ್ ವೇ ಟು ಲಿವ್’ ಅವರ ಮರಣಾನಂತರ 2009ರಲ್ಲಿ ಹೊರಬಂತು. ತನಗೆ ತಿಳಿಯದ ಬದುಕನ್ನು ಹುಚ್ಚು ಎಂದು ತಳ್ಳಿಹಾಕದೆ ಹತ್ತಿರ ಹೋಗಿ ಕೇಳುವ ಗುಣ ಕೊನೆಯವರೆಗೂ ಅವರನ್ನು ಬಿಡಲಿಲ್ಲ. ಅವರ ಹೆಸರನ್ನು ಅಡಿಟಿಪ್ಪಣಿಯಲ್ಲಿ ಉಲ್ಲೇಖಿಸುವವರು ಬಹಳ ಮಂದಿ ಇದ್ದಾರೆ. ಅವರ ಹಾಗೆ ಸವದತ್ತಿಯ ಗುಡ್ಡದಲ್ಲಿ, ರಾಮದುರ್ಗದ ಮಗ್ಗದ ಮನೆಯಲ್ಲಿ, ದರ್ಗಾದ ಕಟ್ಟೆಯ ಮೇಲೆ ಕೂತು, ಅಲ್ಲಿನ ಮಾತಿನಲ್ಲಿ ‘ಏನಾಗೇತಿ ತಂಗೀ?’ ಎಂದು ಕೇಳುವ ಒಬ್ಬ ಸಂಶೋಧಕ, ಸಂಶೋಧಕಿ ನಮ್ಮ ನಡುವಿನಿಂದಲೇ ಬರಬೇಕಾಗಿದೆ.